ಬೆಚ್ಚನೆ ದ್ರವದಲ್ಲಿ ಅರವತ್ತು ನಿಮಿಷ

ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಗಡಿಯಾರದಕ್ಕ ಅಂತಲೇ ಕರೆಯುತ್ತಿದ್ದದ್ದು. ಕೈಗವಸು ಹಾಕಿದ್ದು, ತೆಗೆದದ್ದು, ಕೊನೆಗೆ ಟೀ ಕುಡಿದದ್ದು ಕೂಡ ಗಂಟೆ ನಿಮಿಷ ಸಮೇತ ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಾವು ಗೇಲಿ ಮಾಡುತ್ತಿದ್ದೆವು. ಹದಿನಾಲ್ಕು ವರ್ಷದಲ್ಲಿ ಆ ಪುಸ್ತಕವನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ನಾನಂತೂ ಬಿಡಿ, ಕಂಪ್ಯೂಟರ್ ಮುಂದೆ ಕೂರುವವನಿಗೆ ಕೊಬ್ಬು ಸ್ವಲ್ಪ ಜಾಸ್ತಿಯೇ.

ಕರುಳಿನ ಉರಿಯೂತದ ಕಾಯಿಲೆ ಇರುವವರಿಂದ ಆಸ್ಪತ್ರೆಯವರು ಎಳ್ಳುಕಾಳಿನಷ್ಟು ಚೂರು ತೆಗೆದು, ಮಂಜುಗಡ್ಡೆಯಲ್ಲಿಟ್ಟು ಕಳಿಸುತ್ತಾರೆ. ಅಕ್ಕ ಅದನ್ನು ಕಿಣ್ವ ಬೆರೆಸಿದ ಬೆಚ್ಚನೆ ದ್ರವದಲ್ಲಿ ಇಪ್ಪತ್ತೇ ನಿಮಿಷ ಇಟ್ಟು, ಜೀವಕೋಶಗಳನ್ನು ಬಿಡಿಬಿಡಿ ಮಾಡುತ್ತಿದ್ದರು. ಒಂದೊಂದು ಕೋಶದಲ್ಲೂ ಯಾವ ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ಯಂತ್ರ ಓದುತ್ತದೆ. ನನ್ನ ಪರದೆಯ ಮೇಲೆ ಕೋಶಕ್ಕೊಂದು ಚುಕ್ಕಿ. ಒಂದೇ ಬಗೆಯವು ಗುಂಪು ಕೂಡುತ್ತವೆ.

ಕಿಟಕಿಯಿಲ್ಲದ ಕೋಣೆಯಲ್ಲಿ ಅಕ್ಕ ಒಬ್ಬರೇ. ಊಟವೂ ಹಿಂದಿನ ಮೆಟ್ಟಿಲ ಮೇಲೆ ಒಬ್ಬರೇ. ಮನೆಯಲ್ಲಿ ಇದ್ದವನು ಒಬ್ಬ ತಮ್ಮ. ಅವನಿಗೂ ಇದೇ ಕಾಯಿಲೆ, ಒಂಬತ್ತು ವರ್ಷದಿಂದ. ಇದ್ದಬದ್ದ ಔಷಧಿಗಳೆಲ್ಲ ಕೈಕೊಟ್ಟಿದ್ದವು. ಬಚ್ಚಲಿನ ಪಕ್ಕದ ಕೋಣೆ ಬಿಟ್ಟು ಅವನು ಹೊರಗೆ ಬರುತ್ತಿದ್ದದ್ದೇ ಅಪರೂಪ.

ಹೋದ ವರ್ಷ, ಔಷಧಿ ಹಿಡಿಯದ ನಾಲ್ವರು ರೋಗಿಗಳಲ್ಲಿ ಮಾತ್ರ ಚುಕ್ಕಿಗಳ ಹೊಸದೊಂದು ಗುಂಪು ಕಾಣಿಸಿತು. ನಾನು ಕುರ್ಚಿ ಬಿಟ್ಟೆದ್ದು ಕುಣಿದೆ. ಅಂಥ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ಔಷಧಿ ಬೇರೊಂದು ಕಾಯಿಲೆಗೆ ಆಗಲೇ ಬಳಕೆಯಲ್ಲಿತ್ತು. ಅದನ್ನೇ ಇವರಿಗೂ ಕೊಟ್ಟು ನೋಡೋಣ ಎಂದರು ನಮ್ಮ ಮುಖ್ಯಸ್ಥೆ. ಪರೀಕ್ಷೆಗೆ ಸೇರುವವರ ಪಟ್ಟಿಯಲ್ಲಿ ಅಕ್ಕನ ತಮ್ಮನೂ ಇದ್ದ.

"ಇವತ್ತು ಗಡ್ಡ ಬೋಳಿಸ್ಕೊಂಡಿದಾನೆ ಕಣ್ರೀ," ಎಂದರು ಅಕ್ಕ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಹತ್ತು ದಿನ ಕಳೆದಿರಬೇಕು. ನೀಲಿ ಪುಸ್ತಕ ತಂದು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು.

"ಆ ನಾಲ್ಕು ಚೂರು ಇಪ್ಪತ್ತಲ್ಲ, ಅರವತ್ತು ನಿಮಿಷ ಬೆಚ್ಚಗಿದ್ವು. ನಿನ್ನೆ ತಾರೀಖು ತಾಳೆ ಹಾಕ್ದಾಗ ಗೊತ್ತಾಯ್ತು. ನೋಡಿ, ಬರ್ದಿದೀನಿ."

"ಯಾಕಕ್ಕ?"

"ತಮ್ಮ ಫೋನ್ ಮಾಡಿದ್ದ. ನೋವು ತಡೆಯಕ್ಕಾಗ್ತಿಲ್ಲ, ಫೋನ್ ಇಡಬೇಡ ಅಕ್ಕ ಅಂದ. ನಾಲ್ಕು ಸಲಾನೂ ಇಡಕ್ಕಾಗ್ಲಿಲ್ಲ."

ಹೆಚ್ಚು ಹೊತ್ತು ಬೆಚ್ಚಗಿಟ್ಟರೆ ಕೋಶಗಳು ಗಾಬರಿಬಿದ್ದು, ಸುಮ್ಮನಿದ್ದ ಜೀನ್‌ಗಳನ್ನೆಲ್ಲ ಚಾಲೂ ಮಾಡುತ್ತವೆ. ನಾನು ಕಂಡುಹಿಡಿದದ್ದು ಕಾಯಿಲೆಯನ್ನಲ್ಲ, ಆ ಗಾಬರಿಯನ್ನು. ನಾಲ್ಕೂ ಔಷಧಿ ಹಿಡಿಯದವರದ್ದೇ ಆಗಿದ್ದದ್ದು ಬರೀ ಗ್ರಹಚಾರ.

"ನೀವು ಹೇಳದೆ ಇದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಪುಸ್ತಕ ಮುಚ್ಚಿ ಅವರ ಕೈಗೇ ವಾಪಸು ಕೊಡುವ ಮನಸ್ಸಾಗಿತ್ತು.

"ಬೇರೆ ಮನೆ ಅಕ್ಕಂದಿರ ತಮ್ಮಂದಿರೂ ಆ ಔಷಧಿ ಸುಮ್ಮನೆ ನುಂಗ್ಬೇಕಾಗತ್ತಲ್ವಾ," ಎಂದರು.

ಹೊಸ ಚೂರು ತರಿಸಿ, ಇಪ್ಪತ್ತೇ ನಿಮಿಷ ಇಟ್ಟು ನೋಡಿದೆವು. ಆ ಗುಂಪಿನ ಸುಳಿವೇ ಇರಲಿಲ್ಲ. ಪರೀಕ್ಷೆ ನಿಂತಿತು. ಮುಖ್ಯಸ್ಥೆ ಅಕ್ಕನನ್ನು ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ಉಳಿದವರೂ ಅವರನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದರು. ಒಂದು ಮಧ್ಯಾಹ್ನ ಹಿಂದಿನ ಮೆಟ್ಟಿಲ ಮೇಲೆ ಅವರ ಪಕ್ಕ ಹೋಗಿ ಕೂತು, ತಮ್ಮನಿಗೆ ಏನು ಹೇಳಿದಿರಿ ಎಂದು ಕೇಳಿದೆ.

"ಯಂತ್ರ ಕೆಟ್ಟಿತ್ತು, ಅದಕ್ಕೆ ಎಲ್ಲ ಹಾಳಾಯ್ತು ಅಂದೆ. ಯಾವತ್ತು ಕೆಟ್ಟಿತ್ತು ಅಂದ. ಅಭ್ಯಾಸಬಲ ನೋಡಿ, ನಾಲ್ಕೂ ತಾರೀಖು ಹೇಳ್ಬಿಟ್ಟೆ."

"ಅದಕ್ಕೇನೀಗ?"

"ನೋವು ಜೋರಾದ ದಿನ ಕ್ಯಾಲೆಂಡರ್ ಮೇಲೆ ಗುರುತು ಹಾಕು ಅಂತ ಡಾಕ್ಟರ್ ಹೇಳಿದ್ರು, ಹಾಕ್ತಾನೆ. ಎದ್ದು ಹೋಗಿ ಗೋಡೆ ಹತ್ರ ನಿಂತು ನೋಡ್ದ. ನಂಗೆ ಫೋನ್ ಮಾಡಿದ ಆ ನಾಲ್ಕೂ ದಿನ ಗುರುತಿತ್ತು."

ಅಕ್ಕ ಡಬ್ಬಿ ಮುಚ್ಚಿದರು, ಅರ್ಧ ಊಟ ಹಾಗೇ ಉಳಿದಿತ್ತು.

"ಅವತ್ತಿಂದ ಒಂದು ಫೋನ್ ಇಲ್ಲ. ಕ್ಯಾಲೆಂಡರ್ ಮೇಲೆ ಗುರುತು ಮಾತ್ರ ಹೆಚ್ತಾ ಇದೆ."