ಬಾಯ್ಲರ್ ಗೋಡೆಗೆ ಒರಗಿದ ಕಪಾಟು

ಇನ್ನೂ ಬೆಳಕು ಹರಿದಿಲ್ಲ. ಕಾಟನ್‌ವುಡ್ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಮಾತ್ರ ದೀಪವಿದೆ. ವರ್ನಾ ಹ್ರುಸ್ಕಾ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು, ಲಟ್ಟಿಸಿದ ಹಾಳೆಗೆ ಬೆಣ್ಣೆ ಸವರಿ, ದಾಲ್ಚಿನ್ನಿ ಸಕ್ಕರೆ ಉದುರಿಸಿ, ಚಾಪೆ ಸುತ್ತಿದ ಹಾಗೆ ಸುತ್ತುತ್ತಿದ್ದಾರೆ. ಇವತ್ತು ಗುರುವಾರ, ಮಾಂಸ, ಕಾಳು ಬೇಯಿಸಿದ ಚಿಲಿ ಸಾರಿನ ದಿನ. ಒಮಾಹಾ ನಗರದ ಸುತ್ತಲಿನ ಶಾಲೆಗಳಲ್ಲಿ ಖಾರದ ಚಿಲಿಯ ಪಕ್ಕ ಸಿಹಿ ದಾಲ್ಚಿನ್ನಿ ಸುರುಳಿ ಇರದಿದ್ದರೆ ಮಕ್ಕಳು ತಟ್ಟೆ ಮುಟ್ಟುವುದಿಲ್ಲ. ಸುರುಳಿಯನ್ನು ಸಾರಿಗೆ ಅದ್ದಿಯೇ ತಿನ್ನಬೇಕು. ಹೊರ ರಾಜ್ಯದವರು ಮೂಗು ಮುರಿಯುವುದಾದರೆ ಮುರಿಯಲಿ.

"ಹೆದ್ದಾರಿ ಆಚೆ ಅವಳೂ ಈಗ ಸುತ್ತುತಿರ್ತಾಳೆ," ಎನ್ನುತ್ತಾರೆ ವರ್ನಾ, ತಲೆಯೆತ್ತದೆ. "ಅವಳಿಗೇನು, ಗುಂಡಿ ಒತ್ತಿದ್ರೆ ನಾದೋ ಮೆಷಿನ್ ಇದೆ. ನಂಗೆ ಇವೆರಡೇ ಕೈ."

ಅವಳು ಎಂದರೆ ಟ್ವೈಲಾ ಓಸ್ಟರ್‌ಹಾಸ್, ಲಾರ್ಕ್‌ವ್ಯೂ ಎಂಬ ಹೊಸ ಶಾಲೆಯ ಮುಖ್ಯ ಅಡುಗೆಯವರು. ಮೊನ್ನೆ ಮೊನ್ನೆಯವರೆಗೆ ಇದೇ ಅಡುಗೆಮನೆಯಲ್ಲಿ ವರ್ನಾ ಕೈಕೆಳಗೆ ಪಳಗಿದವರು.

ವರ್ನಾ ಈ ಶಾಲೆಗೆ ಬಂದಾಗ ಅವರ ಮಗಳು ಇಲ್ಲೇ ಎರಡನೇ ತರಗತಿಯಲ್ಲಿದ್ದಳು. ಈಗ ಆ ಮಗಳ ಮಗನೂ ಇಲ್ಲಿ ಉಂಡು ಹೋಗಿದ್ದಾನೆ. ಬೇಸಿಗೆ ರಜೆಯಲ್ಲಿ ಸಂಬಳವಿಲ್ಲ. ಆಗ ಹೆದ್ದಾರಿ ಬದಿಯ ಮೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾರೆ. ಬಲಭುಜ ನೋಯುತ್ತದೆ. ದಿನಕ್ಕೆ ಆರುನೂರು ಮಕ್ಕಳಿಗೆ ಬಡಿಸುತ್ತಿದ್ದ ಕೈ ಈಗ ಮುನ್ನೂರಕ್ಕೆ ಬಡಿಸುತ್ತದೆ, ನೋವು ಮಾತ್ರ ಅರ್ಧ ಆಗಿಲ್ಲ.

ಮಕ್ಕಳು ಅರ್ಧವಾಗಿದ್ದು ಆಗಸ್ಟಿನಲ್ಲಿ. ಜೋಳದ ಹೊಲಗಳಿದ್ದ ಕಡೆ ಹೊಸ ಮನೆಗಳೆದ್ದವು, ಶಾಲೆಗಳನ್ನು ನಡೆಸುವ ಜಿಲ್ಲಾ ಕಚೇರಿ ಹೊಸ ಶಾಲೆ ಕಟ್ಟಿತು, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂದು ಗಡಿ ಎಳೆಯಿತು. ಹೆದ್ದಾರಿಯಾಚೆಯ ಮಕ್ಕಳೆಲ್ಲ ಲಾರ್ಕ್‌ವ್ಯೂ ಪಾಲಾದರು. ಅಲ್ಲಿನ ಅಡುಗೆಮನೆ ತನಗೇ ಎಂದು ವರ್ನಾ ನಂಬಿದ್ದರು. ಸಿಕ್ಕಿದ್ದು ಟ್ವೈಲಾಗೆ. ಗುರುವಿಗೇ ತಿರುಮಂತ್ರ!

"ಕಟ್ಟಡ ಹೊಸದು, ಕೈಯೂ ಹೊಸದಿರಲಿ ಅಂದ್ರು," ಎಂದು ವರ್ನಾ ಹಿಟ್ಟಿಗೊಂದು ಗುದ್ದು ಕೊಡುತ್ತಾರೆ. ಅಂದಿನಿಂದ ಅವರಿಗೆ ಹೊಟ್ಟೆಕಿಚ್ಚು. ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಮನೆಗೆ ಹೋಗುವ ದಾರಿಯಲ್ಲದಿದ್ದರೂ ಲಾರ್ಕ್‌ವ್ಯೂ ಮುಂದೆಯೇ ಕಾರು ಓಡಿಸುತ್ತಾರೆ. "ಎಂಥಾ ಕಿಟಕಿ ಅಂತೀರಿ! ಆಟದ ಬಯಲೆಲ್ಲ ಕಾಣತ್ತೆ. ನನ್ನ ಕಿಟಕೀಲಿ ಕಾಣೋದು ಕಸದ ಡಬ್ಬಿ."

ಅಕ್ಟೋಬರಿನಲ್ಲಿ ಶಾಲೆಗಳಿಗೆ ಹಾಲು ಹಂಚುವ ವ್ಯಾನಿನ ಡೆಲ್ಬರ್ಟ್ ಒಂದು ಸುದ್ದಿ ತಂದ. ಚಳಿ ಶುರುವಾದದ್ದೇ ಲಾರ್ಕ್‌ವ್ಯೂ ಸುರುಳಿಗಳು ಕಲ್ಲಾಗಿವೆ, ಮಕ್ಕಳು ಮೇಜಿಗೆ ಬಡಿದು ತಾಳ ಹಾಕುತ್ತಿದ್ದಾರೆ, ಅರ್ಧಕ್ಕರ್ಧ ಕಸಕ್ಕೆ ಹೋಗುತ್ತಿವೆ. "ಸುಳ್ಯಾಕೆ ಹೇಳ್ಲಿ? ಅವತ್ತು ದಾರಿಯುದ್ದಕ್ಕೂ ಹಾಡ್ಕೊಂಡು ಹೋದೆ," ಎನ್ನುತ್ತಾರೆ ವರ್ನಾ.

ಕಾರಣ ಅವರಿಗೆ ಗೊತ್ತಿತ್ತು. ಕಾಟನ್‌ವುಡ್‌ನಲ್ಲಿ ಹಿಟ್ಟಿನ ತಟ್ಟೆಗಳನ್ನಿಡುವ ಕಪಾಟು, ಕಟ್ಟಡ ಬೆಚ್ಚಗಿಡುವ ಬಾಯ್ಲರ್ ಕೋಣೆಯ ಗೋಡೆಗೆ ಒರಗಿದೆ. ಹೊರಗೆ ಹಿಮ ಬಿದ್ದರೂ ಆ ಗೋಡೆ ಬೆಚ್ಚಗೆ, ಯೀಸ್ಟ್ ಹಾಕಿದ ಹಿಟ್ಟು ತಾನಾಗಿ ಉಬ್ಬುತ್ತದೆ. ಟ್ವೈಲಾಗೆ ಅದು ಬರೀ ಕಪಾಟು. ಹೊಸ ಅಡುಗೆಮನೆಯಲ್ಲಿ ಎಲ್ಲ ಫಳಫಳ, ಎಲ್ಲ ತಣ್ಣಗೆ. ವರ್ನಾ ಬಾಯಿಗೆ ಬೀಗ ಹಾಕಿಕೊಂಡು ಕೂತರು.

ಈ ವಾರ ಜಿಲ್ಲಾ ಕಚೇರಿ ಕಡ್ಡಿ ಮುರಿದಂತೆ ಹೇಳಿದೆ: ಈ ಗುರುವಾರವೂ ಲಾರ್ಕ್‌ವ್ಯೂ ಸುರುಳಿ ಕಸಕ್ಕೆ ಹೋದರೆ, ಕ್ರಿಸ್‌ಮಸ್ ರಜೆಯ ನಂತರ ಎಲ್ಲ ಶಾಲೆಗೂ ಪ್ಲಾಸ್ಟಿಕ್ ಸುತ್ತಿದ ಕಾರ್ಖಾನೆ ಸುರುಳಿ. ಎಲ್ಲ ಶಾಲೆಗೂ ಎಂದರೆ ಕಾಟನ್‌ವುಡ್‌ಗೂ. ಇನ್ನೊಬ್ಬರಿಗೆ ಅಪಶಕುನವಾಗಲೆಂದು ತನ್ನ ಮೂಗು ಕೊಯ್ದುಕೊಂಡಂತಾಗಿದೆ ವರ್ನಾ ಪಾಡು. ಆದರೂ ಬಾಯಿ ಬಿಟ್ಟಿಲ್ಲ.

ಹಿಂಬಾಗಿಲು ದಡಾರನೆ ತೆರೆದುಕೊಳ್ಳುತ್ತದೆ. ಟವೆಲ್ ಮುಚ್ಚಿದ ತಟ್ಟೆಗಳನ್ನು ಎದೆಗವಚಿಕೊಂಡು ಟ್ವೈಲಾ ನಿಂತಿದ್ದಾರೆ.

"ಏಳ್ತಾನೇ ಇಲ್ಲ, ವರ್ನಾ."

"ಯಾರು, ನಿನ್ ಗಂಡನಾ?"

"ಆಡ್ಕೋಬೇಡಿ. ಹಿಟ್ಟು. ಕಾರಲ್ಲಿ ಇನ್ನೂ ಇದೆ."

"ನಿನ್ ಮೆಷಿನ್ನನ್ನ ಕೇಳ್ಬೇಕಿತ್ತಪ್ಪ. ನನ್ನಂಥ ಮುದುಕಿಗೇನು ಗೊತ್ತು?"

ಟ್ವೈಲಾ ತಟ್ಟೆಗಳನ್ನು ದಪ್ಪನೆ ಕುಕ್ಕುತ್ತಾರೆ. "ಆಗಸ್ಟಿಂದ ದಿನಾ ಒಂದೇ ರಾಗ. ಮಿಸ್ ವರ್ನಾ ಮಾಡಿದ ಹಾಗಿಲ್ಲ, ಮಿಸ್ ವರ್ನಾ ಮಾಡಿದ ಹಾಗಿಲ್ಲ. ಸಾರಿಗೂ ಅದೇ, ಸುರುಳಿಗೂ ಅದೇ. ನಿಮ್ಮ ಹೆಸರು ಕೇಳಿದ್ರೆ ನಂಗೆ ಮೈಯೆಲ್ಲ ಉರಿಯತ್ತೆ, ಗೊತ್ತಾ? ಆ ದೊಡ್ಡ ಅಡುಗೆಮನೆ ನೀವೇ ಇಟ್ಕೊಳ್ಳಿ. ಆ ಮಕ್ಕಳ ನಾಲಿಗೆ ನಂಗೆ ಕೊಡಿ!"

ವರ್ನಾ ಕೈ ನಿಲ್ಲುತ್ತದೆ. ತನ್ನ ಮೇಲೂ ಹೊಟ್ಟೆಕಿಚ್ಚು ಪಡುವವರಿದ್ದಾರೆ ಎಂಬುದು ಇಷ್ಟು ತಿಂಗಳಲ್ಲಿ ಅವರಿಗೆ ಹೊಳೆದೇ ಇರಲಿಲ್ಲ. ಕೈಯ ಹಿಟ್ಟನ್ನು ಏಪ್ರನ್‌ಗೆ ಒರೆಸಿಕೊಂಡು ತಟ್ಟೆಗಳನ್ನೆತ್ತಿ ಕಪಾಟಿಗೆ ಸೇರಿಸುತ್ತಾರೆ.

"ಬಾ ಇಲ್ಲಿ. ಆ ಗೋಡೆ ಮುಟ್ಟು."

ಟ್ವೈಲಾ ಮುಟ್ಟುತ್ತಾರೆ. ಬಹಳ ಹೊತ್ತು ಅಂಗೈ ತೆಗೆಯುವುದಿಲ್ಲ. "ಇದನ್ನ ನೀವು ಯಾವತ್ತೂ ಹೇಳ್ಲಿಲ್ಲ."

"ನೀನು ಕೇಳ್ಲಿಲ್ಲ." ತಟ್ಟೆಯ ಮೇಲಿನ ಟವೆಲ್ ಸರಿಪಡಿಸುತ್ತಾ, "ಕೇಳಿದ್ರೂ ಹೇಳ್ತಿರ್ಲಿಲ್ಲ," ಎನ್ನುತ್ತಾರೆ ವರ್ನಾ. "ಮುಂದಿನ ಸಲ ಪಾತ್ರೆ ತೊಳೆಯೋ ಮೆಷಿನ್ ಮೊದಲೇ ಬಿಸಿಗೆ ಬಿಟ್ಟು ಅದರ ಪಕ್ಕ ಇಡು. ಉಬ್ಬತ್ತೆ. ಈಗ ಉಳಿದ ತಟ್ಟೆ ತಗೊಂಬಾ, ಬಾಯಿ ನೋಡ್ತಾ ನಿಲ್ಬೇಡ."

ಕಸದ ಡಬ್ಬಿಗಳ ಮೇಲೆ ಬಿಸಿಲು ಬೀಳುವ ಹೊತ್ತಿಗೆ ಟವೆಲುಗಳು ಉಬ್ಬಿ ನಿಂತಿವೆ. ಡೆಲ್ಬರ್ಟ್ ಆ ತಟ್ಟೆಗಳನ್ನು ತನ್ನ ವ್ಯಾನಿನಲ್ಲಿ ಹಾಲಿನ ಜೊತೆಗೇ ಹೆದ್ದಾರಿ ದಾಟಿಸುತ್ತಾನೆ. ಗುಟ್ಟು ಬಿಟ್ಟುಕೊಟ್ಟ ವರ್ನಾ ಊಟದ ಹೊತ್ತಿನವರೆಗೂ ಮುಖ ಗಂಟಿಕ್ಕಿಕೊಂಡೇ ಇರುತ್ತಾರೆ.

ಊಟ ಮುಗಿದು ಕಾಟನ್‌ವುಡ್ ಮಕ್ಕಳು ಆಟಕ್ಕೆ ಓಡಿದ ಮೇಲೆ ಗೋಡೆಯ ಫೋನು ಬಡಿದುಕೊಳ್ಳುತ್ತದೆ. ಟ್ವೈಲಾ ದನಿ ಇಲ್ಲಿಯವರೆಗೂ ಕೇಳುತ್ತದೆ: "ಒಂದೂ ಕಸಕ್ಕೆ ಹೋಗ್ಲಿಲ್ಲ! ಕಚೇರಿಯೋರೂ ಎರಡೆರಡು ತಿಂದು, ಕಾರ್ಖಾನೆ ಮಾತು ಬಿಡಿ ಅಂದ್ರು."

"ಮಕ್ಕಳೇನಂದ್ರು?"

ಆ ಕಡೆಯಿಂದ ಹಲ್ಲು ಕಚ್ಚಿಕೊಂಡು ಹೇಳಿದಂತೆ ಉತ್ತರ ಬರುತ್ತದೆ: "ಮಿಸ್ ವರ್ನಾ ಮಾಡಿದ ಹಾಗೇ ಇದೆ ಅಂದ್ರು."

ಅಡುಗೆಮನೆ ನಿಶ್ಶಬ್ದವಾಗಿದೆ. ವರ್ನಾ ಸ್ಟೂಲ್ ಎಳೆದುಕೊಂಡು, ಬೆಳಗಿನಿಂದ ಮೊದಲ ಬಾರಿಗೆ ಕೂರುತ್ತಾರೆ.

"ಇಲ್ಲಿ ತುಂಬಾ ಗಲಾಟೆ ಟ್ವೈಲಾ, ಸರಿಯಾಗಿ ಕೇಳಿಸ್ಲಿಲ್ಲ," ಎನ್ನುತ್ತಾರೆ. "ಇನ್ನೊಂದ್ಸಲ ಹೇಳು."