ಅಪ್ಪನ ಬೆರಳು, ತೆಳ್ಳನೆಯ ಎಣ್ಣೆ

ಕಲಬುರಗಿಯ ಜಗತ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ನಮ್ಮದು ಎಂಜಿನ್ ಆಯಿಲ್ ಅಂಗಡಿ. ಅಪ್ಪ ಹಾಕಿದ್ದು. ನಾನು ಅದರಲ್ಲಿ ಕೂರಲು ಶುರುಮಾಡಿ ಹದಿನಾರು ವರ್ಷವಾಯಿತು. ಇವತ್ತಿಗೂ ಹೊಸ ಗಿರಾಕಿ ಬಂದರೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುವ ಹೆಂಗಸು ನನ್ನ ಮುಖವನ್ನೇ ನೋಡುತ್ತ, "ಯಾರೂ ಇಲ್ಲೇನ್ರೀ ಅಂಗಡ್ಯಾಗ?" ಎಂದು ಕೇಳುತ್ತಾನೆ. ಮೊದಲೆಲ್ಲ ಜಗಳಕ್ಕೇ ಹೋಗುತ್ತಿದ್ದೆ, ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಈಗ, "ಯಾರೂ ಇಲ್ರೀ, ಡಬ್ಬಿಗಳೇ ಯಾಪಾರ ಮಾಡಾಕತ್ತಾವ" ಎಂದಷ್ಟೇ ಹೇಳುತ್ತೇನೆ.

ಅವರಿಗೆಲ್ಲ ಬೇಕಾಗಿದ್ದದ್ದು ಅಪ್ಪ. ಅಪ್ಪ ಓದಿದ್ದು ಎರಡನೇ ಇಯತ್ತೆ. ಅಂಕಿ ಗೊತ್ತು, ಡಬ್ಬಿಯ ಮೇಲಿನ ಇಂಗ್ಲಿಷ್ ಗೊತ್ತಿಲ್ಲ. ಅದರ ಬದಲು ಅವನಿಗೆ ಎರಡು ಬೆರಳು ಇದ್ದವು. ಒಂದು ಹನಿ ಎಣ್ಣೆಯನ್ನು ಹೆಬ್ಬೆರಳ ಮೇಲೆ ಬಿಟ್ಟುಕೊಂಡು, ತೋರುಬೆರಳಿನಿಂದ ಒತ್ತಿ, ಮೆಲ್ಲಗೆ ಬಿಡಿಸುತ್ತಿದ್ದ. ನಡುವೆ ಎಣ್ಣೆ ಎಳೆ ಬಿಡುತ್ತಿತ್ತು. ಉಂಡಿ ಕಟ್ಟುವ ಹೆಂಗಸರು ಬೆಲ್ಲದ ಪಾಕದ ಎಳೆ ನೋಡುತ್ತಾರಲ್ಲ, ಹಾಗೆ. ಬೆರಳಿಗೆ ಎಷ್ಟು ಜಿಗುಟು ತಾಗಿತು, ಎಳೆ ಎಷ್ಟು ಉದ್ದ ಬಂತು, ಎಲ್ಲಿ ಹರಿಯಿತು ಎಂಬುದರ ಮೇಲೆ ಇದು ಟ್ರ್ಯಾಕ್ಟರಿಗೆ, ಇದು ಟೆಂಪೋಗೆ, ಇದು ಸತ್ತುಹೋದ ಎಣ್ಣೆ ಎಂದು ಹೇಳುತ್ತಿದ್ದ. ಮಹಾಗಾಂವದ ರೈತರು ತಮ್ಮ ಟ್ರ್ಯಾಕ್ಟರಿನ ಎಣ್ಣೆಯನ್ನು ಔಷಧದ ಶೀಸೆಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿ ಬರುತ್ತಿದ್ದರು, ವೈದ್ಯರಿಗೆ ತೋರಿಸುವವರಂತೆ. "ಡಬ್ಬಿ ಓದಾವ್ರು ಓದ್ಲಿ, ನಾ ಎಣ್ಣಿ ಓದ್ತೇನಿ" ಎನ್ನುವುದು ಅಪ್ಪನ ಮಾತು. ಅವನು ಹೇಳಿದ ಎಣ್ಣೆಯಿಂದ ಒಂದೇ ಒಂದು ಎಂಜಿನ್ ಕೆಟ್ಟ ಸುದ್ದಿಯನ್ನೂ ನಾನು ಕೇಳಿಲ್ಲ. ಅಂಗಡಿಗೆ ಇದ್ದ ಹೆಸರು ಅದೊಂದೇ.

ಇನ್ನೊಂದು ಮಾತನ್ನೂ ಅವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. "ನಮ್ಮ ಬಿಸಲಿಗೆ ದಪ್ಪ ಎಣ್ಣಿನೇ ಬೇಕು. ತೆಳ್ಳಂದು ಹಾಕಿದ್ರ ನೀರಾಗಿ ಹೋಗ್ತದ." ಕಲಬುರಗಿಯಲ್ಲಿ ಇದಕ್ಕೆ ತಲೆಯಾಡಿಸದವರಿಲ್ಲ. ಏಪ್ರಿಲ್‌ನಲ್ಲಿ ಡಾಂಬರೇ ಮೆತ್ತಗಾಗುವ ಊರು ಇದು. ಹಳೆಯ ಲಾರಿ, ಟ್ರ್ಯಾಕ್ಟರುಗಳ ಮಟ್ಟಿಗೆ ಆ ಮಾತು ನಡೆಯುತ್ತಲೂ ಇತ್ತು.

ಅಂಥದರಲ್ಲಿ ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿಯೊಬ್ಬರು ಹೈದರಾಬಾದಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ, ಅವರೂರಿನ ಕೆಂಪು ಬಾಳೆಹಣ್ಣಿನದೇ ಬಣ್ಣ. ಅದು ಗಲ್ಲಿಯೊಳಗೆ ಬಂದ ದಿನ ಎದುರಿನ ಟೈರಿನಂಗಡಿಯವನು, "ಇದ್ರಾಗ ಒಂದು ಗೊನಿನೂ ಹಿಡಿಯಂಗಿಲ್ಲಲ್ರೀ ಸಾವಕಾರ್ರ" ಎಂದ. ವ್ಯಾಪಾರಿ ನಕ್ಕರು. ಕಾಲೇಜಿನಿಂದ ಇದ್ದ ಆಸೆಯಂತೆ. ಹೆಂಡತಿ ತಿಂಗಳಿಂದ ಮಾತು ಬಿಟ್ಟಿದ್ದಾರಂತೆ. ಕಾರಿನ ಜೊತೆ ಬರಬೇಕಾಗಿದ್ದ ಪುಸ್ತಕ ಕಳೆದುಹೋಗಿತ್ತು, ಯಾವ ಎಣ್ಣೆ ಹಾಕಬೇಕೆಂದು ಗೊತ್ತಿರಲಿಲ್ಲ. "ನಮ್ಮಪ್ಪನ ಲಾರಿಗೆ ನೀವೇ ಕೊಟ್ಟೀರಿ. ಇದಕ್ಕೂ ನೀವೇ ಹೇಳ್ರಿ" ಎಂದು ಅಪ್ಪನ ಮುಂದೆ ಕೈಕಟ್ಟಿ ನಿಂತರು.

ಅಪ್ಪ ತೆರೆದಿದ್ದ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಇಪ್ಪತ್ತು-ಐವತ್ತು" ಎಂದ. ಅದು ನಮ್ಮಲ್ಲಿದ್ದ ಎಲ್ಲಕ್ಕಿಂತ ದಪ್ಪ ಎಣ್ಣೆ. ಅಷ್ಟರಲ್ಲಿ ನಾನು ಬಗ್ಗಿ ಎಂಜಿನ್ನಿನ ಎಣ್ಣೆ ಮುಚ್ಚಳ ನೋಡಿದ್ದೆ. ಅದರ ಮೇಲೆ ಐದು-ನಲವತ್ತು ಎಂದು ಅಚ್ಚು ಒತ್ತಿತ್ತು. ತೆಳ್ಳನೆಯ ಎಣ್ಣೆ. ಹಾಗಂತ ಹೇಳಿದೆ ಕೂಡ. ಅಪ್ಪ ವ್ಯಾಪಾರಿಯ ಕಡೆ ತಿರುಗಿ, "ನಮ್ಮ ಹುಡುಗಿ ಡಬ್ಬಿ ಮಾರೋದು ಕಲ್ತಾಳ, ಎಣ್ಣಿ ಇನ್ನೂ ಕಲ್ತಿಲ್ಲ" ಎಂದ. ಇಬ್ಬರೂ ನಕ್ಕರು. ಹುಡುಗಿಯಂತೆ. ನನಗೆ ಆಗ ನಲವತ್ತೊಂದು.

ಸಂಜೆ ಮತ್ತೆ ಅದೇ ಮಾತು ತೆಗೆದೆ. ಇದು ಲಾರಿಯಲ್ಲ, ಇದರ ಒಳಗಿನ ದಾರಿಗಳು ದಾರದಷ್ಟು ಸಣ್ಣ, ಬೆಳಿಗ್ಗೆ ಚಾಲೂ ಮಾಡಿದ ಕ್ಷಣಕ್ಕೆ ದಪ್ಪ ಎಣ್ಣೆ ಮೇಲೆ ಹತ್ತುವುದಿಲ್ಲ, ಅಷ್ಟು ಹೊತ್ತು ಕಬ್ಬಿಣಕ್ಕೆ ಕಬ್ಬಿಣ ಒಣ ಉಜ್ಜುತ್ತದೆ ಎಂದೆ. ಹೊರಗೆ ಬಿಸಿಲಿರಲಿ ಮಳೆಯಿರಲಿ, ಓಡುವ ಎಂಜಿನ್ನಿನ ಒಳಗಿನ ಕಾವು ಹೆಚ್ಚುಕಡಿಮೆ ಅಷ್ಟೇ ಎಂದೆ.

"ನನ್ನ ಎಣ್ಣಿಗೆ ಇಲ್ಲೀತನಕ ಒಂದರೆ ಎಂಜಿನ್ ಕೆಟ್ಟದೇನು?" ಎಂದು ಕೇಳಿದ.

"ಇಲ್ಲ."

"ಹಂಗಾರ ಸುಮ್ನಿರು."

ನನ್ನ ಒಳಗೆ ಇನ್ನೊಂದು ಮಾತಿತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ, ಅದು ಬರಬರುತ್ತ ಬೆರಳುಗಳನ್ನು ಮರಗಟ್ಟಿಸುತ್ತದೆ. ಕೆಲವು ದಿನಗಳ ಹಿಂದೆ ಅವನು ಕುದಿಯುವ ಚಹಾದ ಗ್ಲಾಸನ್ನು ಬೆರಳಲ್ಲಿ ಹಿಡಿದು ಆರಾಮಾಗಿ ಮಾತಾಡುತ್ತಿದ್ದ. ಅದೇ ಗ್ಲಾಸು ನಾನು ಮುಟ್ಟಿದರೆ ಕೈ ಹಿಂದೆ ಬಂತು. ಅವನ ಬೆರಳಿಗೆ ಏನೂ ತಿಳಿಯುತ್ತಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ಅಪ್ಪ ದಪ್ಪ ಎಣ್ಣೆಯ ಡಬ್ಬಿ ಕೊಟ್ಟು, ಹಾಕಿಸಿ ಬಾ ಎಂದು ನನ್ನನ್ನೇ ಕಮಲಾಪುರಕ್ಕೆ ಕಳಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ನಾನು ಮೊದಲು ಸ್ಟೇಶನ್ ಬಜಾರಕ್ಕೆ ಹೋದೆ. ಅಲ್ಲಿಯ ಬೇರೆ ಅಂಗಡಿಯೊಂದರಲ್ಲಿ ಐದು-ನಲವತ್ತರ ಡಬ್ಬಿ ಕೊಂಡು, ನಮ್ಮ ಡಬ್ಬಿಯನ್ನು ಅಲ್ಲೇ ಇಟ್ಟು, ಬಸ್ಸು ಹತ್ತಿದೆ. ಮಹಾಗಾಂವದ ತೊಗರಿ ಹೊಲಗಳು ದಾಟುವವರೆಗೂ ಡಬ್ಬಿ ತೊಡೆಯ ಮೇಲೇ ಇತ್ತು. ಎಂಜಿನ್ನಿನ ಕಾಳಜಿ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಇದ್ದದ್ದು ಆ ನಗೆಯ ಉರಿ.

ಕಮಲಾಪುರದಲ್ಲಿ ವ್ಯಾಪಾರಿಗೆ ಎಲ್ಲ ಹೇಳಿದೆ. ಅವರು ಮುಚ್ಚಳದ ಮೇಲಿನ ಅಂಕಿ, ಡಬ್ಬಿಯ ಮೇಲಿನ ಅಂಕಿ ಎರಡನ್ನೂ ಎರಡೆರಡು ಸಲ ಓದಿದರು. "ಅಪ್ಪಗ ಗೊತ್ತಾಗಬಾರ್ದ್ರಿ" ಎಂದೆ. "ನಮ್ಮ ಬಾಯಿಲೆ ಬರಂಗಿಲ್ಲ ಅಕ್ಕಾ" ಎಂದರು. ಅವರ ಬಾಳೆಹಣ್ಣಿನ ಶೆಡ್ಡಿನಲ್ಲೇ ಮೆಕ್ಯಾನಿಕ್ಕು ಹಳೆಯದನ್ನು ಇಳಿಸಿ ಹೊಸದನ್ನು ಹಾಕಿದ. ಚಾಲೂ ಮಾಡಿದಾಗ ಮೊದಲಿದ್ದ ಕಟಕಟ ಸದ್ದು ಇರಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಬರುವಾಗ ಅರ್ಧ ಡಜನ್ ಬಾಳೆಹಣ್ಣು ಕೊಟ್ಟರು, ಅಪ್ಪ ತಿನ್ನಬಾರದೆಂದು ನಾನೇ ಬಸ್ಸಿನಲ್ಲಿ ತಿಂದೆ.

ಬೇಸಿಗೆ ಬಂತು. ಏಪ್ರಿಲ್‌ನ ಒಂದು ಬೆಳಿಗ್ಗೆ ಕಾರು ಮತ್ತೆ ಗಲ್ಲಿಗೆ ಬಂತು. ಕೊಟ್ಟ ಮಾತು ಉಳಿಸಿಕೊಳ್ಳುವ ಭರದಲ್ಲಿ ವ್ಯಾಪಾರಿ ಅಳತೆ ಮೀರಿ ಹೊಗಳಿದರು. "ಏನ್ ಎಣ್ಣಿ ಕೊಟ್ರೀ ಸಾವಕಾರ್ರ, ಬೆಣ್ಣಿ ಹಂಗ ಓಡಾಕತ್ತದ." ಟೈರಿನಂಗಡಿಯವನೂ ಕೇಳಿಸಿಕೊಂಡ. ಅಪ್ಪ ನನ್ನ ಕಡೆ ನೋಡಿ, "ನಾ ಹೇಳಿದ್ದಿಲ್ಲೇನು?" ಎಂದ. ಅವನ ಮುಖ ಅಷ್ಟು ಅರಳಿದ್ದನ್ನು ಅವ್ವ ಹೋದಮೇಲೆ ನಾನು ಕಂಡಿರಲಿಲ್ಲ. ನಾನು ಜೀವನದಲ್ಲಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಇದು ಎಂದುಕೊಂಡೆ.

ಆಗ ಅಪ್ಪ, "ಬಾನೆಟ್ ತಗೀರಿ, ನನ್ನ ಎಣ್ಣಿ ಹೆಂಗ ಆಗ್ಯದ ನೋಡ್ತೇನಿ" ಎಂದ.

ವ್ಯಾಪಾರಿ ನನ್ನ ಮುಖ ನೋಡಿದರು. ನಾನು, "ಈಗ ಬಿಸಿ ಅದ, ಬ್ಯಾಡಪ್ಪಾ" ಎಂದೆ. "ಆರ್ಲಿ. ಬಿಸಿ ಎಣ್ಣಿ ಸುಳ್ಳ ಹೇಳ್ತದ" ಎಂದು ಚಹಾ ತರಿಸಿದ. ಮುಕ್ಕಾಲು ಗಂಟೆ ಕೂತೆವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ, ನಾನೂ ವ್ಯಾಪಾರಿಯೂ ಹಾಗೇ ಕೂತಿದ್ದೆವು. ಅಪ್ಪ ಹಬೆಯಾಡುವ ಗ್ಲಾಸನ್ನು ಬೆರಳಲ್ಲಿ ಹಿಡಿದು ಹಳೆಯ ಲಾರಿಯ ಕತೆ ಹೇಳುತ್ತಿದ್ದ. ಆ ಗ್ಲಾಸು ನೋಡಿ ನನಗೆ ಸಮಾಧಾನವಾಯಿತು. ಈ ಬೆರಳಿಗೆ ಏನು ತಿಳಿಯುತ್ತದೆ ಎಂದುಕೊಂಡೆ. ಹೆತ್ತ ತಂದೆಯ ಕಾಯಿಲೆ ನೆನೆದು ಸಮಾಧಾನಪಟ್ಟವಳು ನಾನು.

ಅಪ್ಪ ಎದ್ದು ಎಣ್ಣೆಯ ಗೇಜ್ ಕಡ್ಡಿ ಎಳೆದ. ಹನಿಯನ್ನು ಹೆಬ್ಬೆರಳ ಮೇಲೆ ತೆಗೆದುಕೊಂಡ, ಒತ್ತಿದ, ಬಿಡಿಸಿದ. ದಪ್ಪ ಎಣ್ಣೆಯ ಉದ್ದ ಎಳೆ ಬರಲಿಲ್ಲ, ಬರುವ ಮೊದಲೇ ಹರಿಯಿತು. ಬೆರಳು ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಮೂರನೆಯ ಸಲ ಎಡಗೈಯಲ್ಲಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ನಾನು ಕಪಾಟಿನ ಡಬ್ಬಿಗಳನ್ನು ನೋಡುತ್ತ ನಿಂತೆ.

ಕಡ್ಡಿಯನ್ನು ಒರೆಸಿ ವಾಪಸು ಇಟ್ಟು, ಬಾನೆಟ್ಟನ್ನು ಸದ್ದಾಗದಂತೆ ಮುಚ್ಚಿದ. "ಎಣ್ಣಿ ಚೊಲೋ ಅದ. ಇದೇ ಹಾಕಿಸ್ಕೋತ ಹೋಗ್ರಿ" ಎಂದು ವ್ಯಾಪಾರಿಗೆ ಹೇಳಿದ. ಅವರು ಉಸಿರು ಬಿಟ್ಟು ಕಾರು ಹತ್ತಿ ಹೋದರು.

"ಅಪ್ಪಾ" ಎಂದೆ. ಅವನು ಸೋಪಿನ ಪುಡಿ ಹಾಕಿಕೊಂಡು ಬಹಳ ಹೊತ್ತು ಕೈ ತೊಳೆದ.

"ನೀ ಹೇಳಿದ್ದು ಖರೇ ಇತ್ತು" ಎಂದ. "ಎಲ್ಲಾರ ಮುಂದ ಜಗಳಾಡಿ ಗೆಲ್ಲಬೇಕಾಗಿತ್ತು. ನಾ ಸೋಲ್ತಿದ್ದೆ. ಕಳ್ಳತನದ್ಲೆ ಯಾಕ ಗೆದ್ದಿ?"

ನಾನು ಕಡ್ಡಿ ಒರೆಸಿದ ಬಟ್ಟೆಯನ್ನು ಮಡಚಿ ಒಳಗಿಟ್ಟೆ.

ಅಪ್ಪ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತೇನೋ. ದಿನಾ ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುತ್ತಾನೆ. ಮಹಾಗಾಂವದವರು ಶೀಸೆ ಹಿಡಿದು ಬಂದರೆ, "ಡಬ್ಬಿ ಮ್ಯಾಲ ಬರ್ದಿರ್ತದ. ಮಗಳು ಓದ್ತಾಳ, ಕೇಳ್ರಿ" ಎನ್ನುತ್ತಾನೆ. ಅವರು ಶೀಸೆಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತು, ಅಂಗಿಯ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಒಂದೆರಡು ಸಲ ಬಂದವರು ಆಮೇಲೆ ಬರಲಿಲ್ಲ. ನಾನು ಎಲ್ಲರಿಗೂ ಸರಿಯಾದ ಎಣ್ಣೆಯನ್ನೇ ಕೊಡುತ್ತಿದ್ದೇನೆ. ತಪ್ಪು ಎಂದು ಯಾರೂ ಬಂದು ಹೇಳಿಲ್ಲ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಹೊಸ ಡಬ್ಬಿ ಒಡೆದೆ. ಒಂದು ಹನಿಯನ್ನು ನನ್ನ ಬೆರಳ ಮೇಲೆ ಹಿಡಿದುಕೊಂಡು ಹೋಗಿ ಅಪ್ಪನ ಮುಂದೆ ನಿಂತೆ. "ಇದರ ಎಳಿ ನೋಡಪ್ಪಾ, ನನಗ ತಿಳಿವಲ್ದು" ಎಂದೆ. ಸುಳ್ಳು, ಅವನಿಗೂ ಗೊತ್ತಿತ್ತು.

"ಡಬ್ಬಿ ಓದವ್ವಾ" ಎಂದು ರೊಟ್ಟಿಗಾಗಿ ಕೈ ಚಾಚಿದ.

ಆ ಹೆಬ್ಬೆರಳು, ತೋರುಬೆರಳಿನ ಗೆರೆಗಳಲ್ಲಿ ಎಣ್ಣೆಯ ಕಪ್ಪು ಕೂತಿರುತ್ತಿತ್ತು. ನನ್ನ ಮದುವೆಯ ದಿನ ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗಿರಲಿಲ್ಲ. ರೊಟ್ಟಿ ಇಡುವಾಗ ನೋಡಿದೆ. ಎರಡೂ ಬೆರಳು ಸ್ವಚ್ಛ ಇದ್ದವು.