ಬಿಟರ್ ಕುಡಿದ ಮಧ್ಯಾಹ್ನಗಳು

ಇಂಗ್ಲಿಷರ ಬಿಟರ್ ಎಂಬ ಬಿಯರನ್ನು ಮೊದಲು ಯಾರು ಮಾಡಿದರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅವರ ಸಮಾಧಿಯ ಮುಂದೆ ನಿಂತು ಒಂದೇ ಒಂದು ಮಾತು ಕೇಳುತ್ತಿದ್ದೆ: ಕಹಿ ಎಂದೇ ಹೆಸರಿಟ್ಟು ಕಹಿಯನ್ನು ಮಾರುವ ಧೈರ್ಯ ನಿಮಗೆ ಎಲ್ಲಿಂದ ಬಂತು? ನಮ್ಮೂರ ಕಡೆ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಪಕ್ಕದ ಮನೆಯ ಅಜ್ಜಿ ನಮಗೂ ಒಂದು ಲೋಟ ಕಳಿಸುತ್ತಿದ್ದರು. ಅದೂ ಕಹಿಯೇ. ಆದರೆ ವರ್ಷಕ್ಕೊಮ್ಮೆ ಮೂಗು ಹಿಡಿದು ಕುಡಿದು, ಮೇಲೆ ಮೆಂತೆ ಗಂಜಿ ಉಂಡು ಮುಗಿಸುತ್ತಾರೆ. ಯಾರೂ ಸಂತೋಷಕ್ಕೆಂದು ಎರಡನೆಯ ಲೋಟ ಕೇಳುವುದಿಲ್ಲ.

ನನ್ನ ಹೇಸಿಗೆ ಮಡಿವಂತಿಕೆಯದಲ್ಲ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಮನೆಯವಳು. ಅಮ್ಮ ಕ್ರಿಸ್‌ಮಸ್ಸಿಗೆ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುತ್ತಿದ್ದಳು. ಅಪ್ಪ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು, ಊಟಕ್ಕೆ ಮೊದಲು ಒಂದು ಪೆಗ್ ಹಾಕುವುದು ಊರಿಗೆಲ್ಲ ಗೊತ್ತಿತ್ತು. ಕುಡಿಯುವುದರಲ್ಲಿ ನನಗೆ ಪಾಪ ಕಾಣಿಸುವುದಿಲ್ಲ. ನನ್ನ ದೂರು ರುಚಿಯ ಬಗ್ಗೆ ಮಾತ್ರ.

ನನ್ನ ಗಂಡ ಬೆಂಗಳೂರಿನವರು, ನಮ್ಮ ಮನೆಯ ಕೊಂಕಣಿ ಬಾರದು. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡವೇ ಮನೆಮಾತಾಯಿತು. ಕೌಲಾಲಂಪುರದ ಪಕ್ಕದ ಪುಚೊಂಗ್‌ನ ಒಂದು ಕಾಂಡೋ ಫ್ಲ್ಯಾಟಿನಲ್ಲಿ ಬಾಡಿಗೆಗೆ ಇದ್ದೆವು. ಇಂಗ್ಲೆಂಡಿನಿಂದ ಬಿಟರ್ ಮೊದಲಾದ ಏಲ್ ಬಿಯರುಗಳ ಬಾಟಲಿ ತರಿಸಿ ಕೌಲಾಲಂಪುರದ ಪಬ್‌ಗಳಿಗೆ ಒದಗಿಸುವ ಒಂದು ಸಣ್ಣ ಕಂಪನಿಯಲ್ಲಿ ಅವರ ಕೆಲಸ. ಬಂದ ಮಾಲನ್ನು ಮೂಸಿ, ಬಾಯಿಗೆ ಹಾಕಿ, ಇದು ಸರಿಯಿದೆ, ಇದು ಕೆಟ್ಟಿದೆ, ಇದನ್ನು ಇಂಥವರಿಗೆ ಕೊಡಬಹುದು ಎಂದು ಹೇಳುವುದು ಅವರೇ. ಬಾಸ್ ಚೀನೀ ಮೂಲದ ಹಿರಿಯರು, ಸುಬಾಂಗ್ ಜಯಾದಲ್ಲಿ ಮನೆ. ಕಾಲಿನ ಗಂಟು ಊದುವ ಕಾಯಿಲೆ ಬಂದ ಮೇಲೆ ಡಾಕ್ಟರು ಅವರಿಗೆ ಬಿಯರ್ ಬಿಡಿಸಿದ್ದರು. ಆದ್ದರಿಂದ ಕಂಪನಿಗೆ ನಾಲಗೆ ಎಂದರೆ ನನ್ನ ಗಂಡನದೊಂದೇ.

ಕೊರೋನಾದ ಎರಡನೆಯ ವರ್ಷ ನಮ್ಮ ಮೂವರಿಗೂ ಜ್ವರ ಬಂತು. ನನಗೂ ಮಗಳಿಗೂ ಬಂದ ಹಾಗೆಯೇ ಹೋಯಿತು. ಗಂಡನಿಗೂ ಹೋಯಿತು ಅಂದುಕೊಂಡೆವು. ಒಂದು ದಿನ ನಾನು ಒಣ ಬಂಗುಡೆಯನ್ನು ಕಾವಲಿಯ ಮೇಲೆ ಹಾಕಿ, ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದವಳು ಮರೆತೇಬಿಟ್ಟೆ. ಎದುರು ಮನೆಯ ತಮಿಳು ಅಕ್ಕ ಬಾಗಿಲು ಬಡಿದು, "ಕರುವಾಡು ಕರುಗುದು" ಎಂದು ಕೂಗಿದಾಗ ಓಡಿ ಬಂದರೆ ಅಡುಗೆಮನೆಯೆಲ್ಲ ಹೊಗೆ. ಒಲೆಗೆ ಬೆನ್ನು ಹಾಕಿ ಊಟದ ಮೇಜಿನ ಹತ್ತಿರ ಕೂತ ನನ್ನ ಗಂಡ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದರು. ಕರಕಲಾದ ಒಣಮೀನಿನ ವಾಸನೆ ಸತ್ತವನನ್ನೂ ಎಬ್ಬಿಸುತ್ತದೆ. ಇವರು ತಲೆಯನ್ನೇ ಎತ್ತಿರಲಿಲ್ಲ.

"ನಿಮಗೆ ವಾಸನೆ ಬರುದಿಲ್ಲವಾ?" ಎಂದು ಕೇಳಿದೆ.

"ಜ್ವರ ಬಂದಾಗಿಂದ ವಾಸನೆನೂ ಇಲ್ಲ, ರುಚಿನೂ ಇಲ್ಲ ಕಣೇ," ಎಂದರು. "ಬಾಸ್‌ಗೆ ಹೇಳ್ಬೇಡ. ಬರುತ್ತೆ, ಎಲ್ಲರಿಗೂ ವಾಪಸ್ ಬಂದಿದೆ."

ಎಲ್ಲರಿಗೂ ಬಂದದ್ದು ಅವರಿಗೆ ಬರಲಿಲ್ಲ. ಮೂಗಿಲ್ಲದ ರುಚಿಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಮಗಳ ಶಾಲೆ ಬಿಡಿಸಿ, ಮನೆ ಖಾಲಿ ಮಾಡಿ, ಇಲ್ಲದ ವಿಮಾನ ಹುಡುಕಿಕೊಂಡು ಹೊರಡಬೇಕು. ಊರಿಗೆ ಹೋಗಿ ಮಾಡುವುದಾದರೂ ಏನು?

ಅದೇ ಹೊತ್ತಿಗೆ ಬಾಸ್‌ಗೆ ಒಂದು ಉಪಾಯ ಹೊಳೆಯಿತು. ಪಬ್‌ಗಳು ಮುಚ್ಚಿ ಎಷ್ಟೋ ಕಾಲವಾಗಿತ್ತು. ಬಂದರಿನಲ್ಲಿ ಸಿಕ್ಕಿಕೊಂಡಿದ್ದ ಮಾಲು ತಡವಾಗಿ ಕೈಗೆ ಬಂದಿತ್ತು, ಅದೂ ಹೊಸ ಹೊಸ ಸಣ್ಣ ತಯಾರಕರದ್ದು. ಅದನ್ನು ಮನೆ ಮನೆಗೆ ಮಾರೋಣ, ಪ್ರತಿಯೊಂದನ್ನೂ ರುಚಿ ನೋಡಿ ಅದರ ಬಗ್ಗೆ ನಾಲ್ಕು ಸಾಲು ಬರೆದುಕೊಡು, ಕೆಟ್ಟದ್ದಿದ್ದರೆ ತೆಗೆದುಹಾಕು ಎಂದು ಹೇಳಿ, ಕ್ರೇಟುಗಳನ್ನು ನಮ್ಮ ಮನೆಗೇ ಕಳಿಸಿದರು. ಸೋಫಾದ ಹಿಂದೆ, ಮಗಳ ಮೇಜಿನ ಕೆಳಗೆ, ಎಲ್ಲ ಕಡೆ ಬಾಟಲಿ.

"ನೀನು ಕುಡಿದು ಹೇಳು, ನಾನು ಬರೀತೀನಿ," ಎಂದರು ನನ್ನ ಗಂಡ.

ಗಂಡನಿಗಾಗಿ ಹೆಂಗಸರು ಏನೇನೋ ಮಾಡಿದ ಕಥೆಗಳನ್ನು ಕೇಳಿದ್ದೇನೆ. ಬಿಟರ್ ಕುಡಿದವಳ ಕಥೆ ಕೇಳಿರಲಿಲ್ಲ.

ಮೊದಲ ದಿನವೇ ಎಡವಟ್ಟಾಯಿತು. ಏಲನ್ನು ಫ್ರಿಜ್ಜಿನಲ್ಲಿ ಇಡಬಾರದು, ಕೋಣೆಯ ತಂಪಿನಲ್ಲಿ ಕುಡಿಯಬೇಕು ಎಂದು ಅವರು ಯಾವಾಗಲೂ ಹೇಳುತ್ತಿದ್ದದ್ದು ನನಗೆ ನೆನಪಿತ್ತು. ನಮ್ಮ ಕೋಣೆ ಅಂದರೆ ಮಧ್ಯಾಹ್ನದ ಬಿಸಿಲು ನೇರವಾಗಿ ಹೊಡೆಯುವ ಕೋಣೆ. ಅಲ್ಲಿಯೇ ಇಟ್ಟಿದ್ದ ಬಾಟಲಿ ತೆಗೆದು, ಲೋಟಕ್ಕೆ ಸುರಿದು, ದೇವರನ್ನು ನೆನೆದು ಒಂದು ಗುಟುಕು ಬಾಯಿಗೆ ಹಾಕಿದೆ. ಕುರಿಯೋ ಮೇಕೆಯೋ ಆಗ ತಾನೇ ಹೊಯ್ದ ಉಚ್ಚೆಯ ಹಾಗಿತ್ತು. ಸಿಂಕಿಗೆ ಓಡಿದೆ. ಕೋಣೆಯ ತಂಪು ಅಂದರೆ ಇಂಗ್ಲೆಂಡಿನ ನೆಲಮಾಳಿಗೆಯದು, ಪುಚೊಂಗ್‌ನದಲ್ಲ ಎಂದು ಆಮೇಲೆ ತಿಳಿಸಿದರು. ಆ ಮೇಲೆ ಬಾಟಲಿಗಳನ್ನು ಒದ್ದೆ ಟವಲಿನಲ್ಲಿ ಸುತ್ತಿ ಫ್ಯಾನಿನ ಕೆಳಗೆ ಇಡುವ ಪದ್ಧತಿ ಶುರುವಾಯಿತು.

ಅಂದಿನಿಂದ ಪಾತ್ರೆ ತೊಳೆದ ಮೇಲೆ, ಮಗಳು ಕೋಣೆಯಲ್ಲಿ ಆನ್‌ಲೈನ್ ಕ್ಲಾಸಿಗೆ ಕೂತಿರುವಾಗ, ನಮ್ಮಿಬ್ಬರ ಈ ಕೆಲಸ. ಪೇಲ್ ಏಲ್ ಎನ್ನುವುದು ಮೂಸಂಬಿಯ ಸಿಪ್ಪೆ ಜಗಿದ ಹಾಗೆ. ಗೋಲ್ಡನ್ ಏಲ್ ನೋಡಲು ಚಂದ, ಕುಡಿದರೆ ಹುಲ್ಲು ನೆನೆಸಿದ ನೀರು. ಬ್ರೌನ್ ಏಲ್‌ನಲ್ಲಿ ತಳ ಹಿಡಿದ ಬೆಲ್ಲದ ಪಾಕದ ಕಮಟು. ಮೈಲ್ಡ್ ಅಂತ ಒಂದಿದೆ, ಹೆಸರಿಗೆ ಸೌಮ್ಯ, ಅದು ಹುರುಳಿ ಬೇಯಿಸಿದ ನೀರು ಮೂರು ದಿನ ಮರೆತುಹೋದರೆ ಹೇಗಿರುತ್ತದೋ ಹಾಗೆ. ಇವೆಲ್ಲ ಒಂದು ತೂಕವಾದರೆ ಬಿಟರ್ ಇನ್ನೊಂದು ತೂಕ. ಸಾದಾ ಬಿಟರ್ ನಾಲಗೆಯ ಹಿಂಭಾಗಕ್ಕೆ ಹೋಗಿ ಕೂತು ಎದ್ದೇಳುವುದಿಲ್ಲ. ಬೆಸ್ಟ್ ಬಿಟರ್ ಅಂದರೆ ಅದೇ ಕಹಿ, ಇನ್ನಷ್ಟು ಗಟ್ಟಿ. ಅದಕ್ಕೂ ಮೇಲಿನದೊಂದಿದೆ, ಅದನ್ನು ಕುಡಿದ ದಿನ ಸಂಜೆಯ ಚಹಾ ಕೂಡ ನನಗೆ ಕಷಾಯವಾಗಿಯೇ ಕಂಡಿತು.

"ಎಂತ ಮಾರಾಯ್ರೆ ಇದು! ಒದ್ದೆ ಗೋಣಿಚೀಲದ ವಾಸನೆ ಬರ್ತಾ ಉಂಟು," ಎನ್ನುತ್ತಿದ್ದೆ ನಾನು.

"ಗೋಣಿಚೀಲ ಅಂದ್ರೆ ಯಾವ್ ಥರ? ಅಕ್ಕೀದಾ, ಈರುಳ್ಳೀದಾ?"

"ಆಲೂಗಡ್ಡೆಯದ್ದು. ಕೊಳೆತದ್ದು."

ಅವರು ತುಂಬಾ ಹೊತ್ತು ಯೋಚಿಸಿ, ಮಳೆ ನಿಂತ ಮೇಲಿನ ಹಳೆಯ ಕಣಜದ ಮಣ್ಣಿನ ಪರಿಮಳ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ತುಕ್ಕು ಹಿಡಿದ ಬಾಲ್ದಿ ಅಂದರೆ ಖನಿಜದ ಸೊಗಸು. ಸುಟ್ಟ ಬೆಲ್ಲ ಅಂದರೆ ಕ್ಯಾರಮೆಲ್. ಮೂಗಿಗಿಂತ ಮೂಗುತಿ ಭಾರ. ಓದುತ್ತಿದ್ದರೆ ನನಗೆ ಬಿಯರಿಗಿಂತ ಆ ಬರಹದ ಮೇಲೆಯೇ ಹೆಚ್ಚು ವಾಕರಿಕೆ ಬರುತ್ತಿತ್ತು. ನಾನು ಹಾಗೆಂದರೆ ಅವರು, "ಕತ್ತೆಗೇನ್ ಗೊತ್ತು ಕಸ್ತೂರಿ ಪರಿಮಳ," ಎಂದು ನಗುತ್ತಿದ್ದರು. ನಕ್ಕ ಮೇಲೆ ಲೋಟವನ್ನು ಎತ್ತಿ ಮೂಗಿನ ಹತ್ತಿರ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಕೆಳಗಿಟ್ಟು ಪೆನ್ನು ಹಿಡಿಯುತ್ತಿದ್ದರು.

ಮಗಳು ನೀರಿಗೆಂದು ಹೊರಗೆ ಬಂದವಳು ನಮ್ಮಿಬ್ಬರನ್ನು ನೋಡಿ, "ಈಯೂ, ಸೋ ಡಿಸ್ಗಸ್ಟಿಂಗ್ ಲಾ," ಎಂದು ಅಲ್ಲಿನವರ ಹಾಗೆ ಲಾ ಎಳೆದು, ಮೂಗು ಮುಚ್ಚಿಕೊಂಡು ಓಡುತ್ತಿದ್ದಳು. ನಾನು ಹೆತ್ತವಳೇ ಹೌದು ಎಂದು ಸಮಾಧಾನವಾಗುತ್ತಿತ್ತು.

ಹೀಗಿರುವಾಗ ಒಂದು ದಿನ, ನನ್ನ ಆಯುಷ್ಯದಲ್ಲಿ ಮೊದಲ ಬಾರಿಗೆ, ಒಂದು ಇಂಗ್ಲಿಷ್ ಏಲ್ ನನಗೆ ಹಿಡಿಸಿತು. ಅದೂ ಬಿಟರೇ. ಮುಚ್ಚಳ ತೆಗೆದ ಕೂಡಲೇ ಅಮ್ಮನ ಅಡುಗೆಮನೆ ಎದುರಿಗೆ ಬಂತು. ನಮ್ಮಲ್ಲಿ ಹಬ್ಬಕ್ಕೆ ಸಾನ್ನ ಮಾಡುತ್ತಾರೆ, ಅಕ್ಕಿ ಹಿಟ್ಟಿಗೆ ಶೇಂದಿ ಹಾಕಿ ಉಬ್ಬಿಸಿ ಹಬೆಯಲ್ಲಿ ಬೇಯಿಸಿದ ಮೆತ್ತನೆಯ ಇಡ್ಲಿ. ಹಿಟ್ಟು ಉಬ್ಬಿ ಪಾತ್ರೆಯ ಬಾಯಿಗೆ ಬಂದಾಗ ಬರುವ ವಾಸನೆ ಅದರಲ್ಲಿತ್ತು. ಒಂದು ಗುಟುಕು ಕುಡಿದು, ಯಾರೂ ಹೇಳದೆ ಎರಡನೆಯದನ್ನೂ ಕುಡಿದೆ.

"ಇದು ಒಳ್ಳೇದುಂಟು! ಸಾನ್ನದ ಹಿಟ್ಟು ಉಬ್ಬಿದ ಪರಿಮಳ!" ಎಂದೆ.

ಅವರ ಮುಖ ಅರಳಿತು. ಅತ್ತೆಮನೆಯಲ್ಲಿ ಸಾನ್ನ ತಿಂದವರು ಅವರು, ರುಬ್ಬಿದವರಲ್ಲ. ತಟ್ಟೆಯಲ್ಲಿನ ಸಾನ್ನ ಸಿಹಿ, ಮೃದು. ಪಾತ್ರೆಯಲ್ಲಿನ ಹಿಟ್ಟು ಹುಳಿ ಎಂದು ಅವರಿಗೆ ಹೇಗೆ ಗೊತ್ತಿರಬೇಕು? ನನಗೋ, ಆ ಹುಳಿ ಹುಳಿ ಎಂದೇ ಅನ್ನಿಸಿರಲಿಲ್ಲ. ಮಿಕ್ಕ ಶೇಂದಿಯನ್ನು ವಿನೆಗರ್ ಮಾಡಿ ಹಂದಿಮಾಂಸಕ್ಕೆ ಹಾಕುವ ಮನೆಯಲ್ಲಿ ಬೆಳೆದವಳು. ಅವರು ಖುಷಿಯಿಂದ, ತಾಜಾ ಯೀಸ್ಟ್, ಆಗ ತಾನೇ ಬೆಂದ ಬ್ರೆಡ್ಡು, ಈ ಸಲದ ಮಾಲಿನಲ್ಲಿ ಇದೇ ಶ್ರೇಷ್ಠ ಎಂದು ಬರೆದು ಕಳಿಸಿದರು. ಬಾಸ್ ಆ ಮಾತನ್ನೇ ನಂಬಿ, ತಮ್ಮ ಹಳೆಯ ಗಿರಾಕಿಗಳಿಗೆಲ್ಲ ಮೊದಲು ಅದನ್ನೇ ತಲುಪಿಸಿದರು.

ಕೆಲವು ದಿನ ಕಳೆದು ಬಾಸ್‌ರ ಫೋನ್ ಬಂತು. ಕೆಳಗೆ ಬಂದಿದ್ದೇನೆ, ಇಳಿದು ಬಾ ಎಂದರು. ಆಗ ಹೊರಗಿನವರನ್ನು ಮೇಲೆ ಬಿಡುತ್ತಿರಲಿಲ್ಲ, ಗೇಟಿನ ಹತ್ತಿರವೇ ಮಾತು. ನನ್ನ ಗಂಡ ಮಾಸ್ಕ್ ಹಾಕಿಕೊಳ್ಳುತ್ತ, "ನೀನೂ ಬಾ. ಏನಾದ್ರೂ ಮೂಸು ಅಂದ್ರೆ ನಿನಗೂ ಕೊಡ್ತೀನಿ. ಚೆನ್ನಾಗಿದ್ರೆ ತಲೆ ಆಡ್ಸು," ಎಂದರು.

ಗಾರ್ಡ್ ಕೋಣೆಯ ನೆರಳಿನಲ್ಲಿ ಬಾಸ್ ಕೋಲೂರಿಕೊಂಡು ನಿಂತಿದ್ದರು. ಅದೇ ಬಿಟರಿನ ಬಾಟಲಿ ತೆಗೆದು, ಪೇಪರ್ ಕಪ್ಪಿಗೆ ಸುರಿದು ನನ್ನ ಗಂಡನ ಕೈಗೆ ಕೊಟ್ಟರು. ಅವರು ಮಾಸ್ಕ್ ಇಳಿಸಿ, ಕಣ್ಣು ಮುಚ್ಚಿ, ಬಲ್ಲವರ ಹಾಗೆ ಮೂಸಿದರು. ಆಮೇಲೆ, "ಇವಳಿಗೂ ಇದು ಇಷ್ಟ," ಎಂದು ನನ್ನ ಕಡೆ ಹಿಡಿದರು. ಅದೇ ಅಮ್ಮನ ಅಡುಗೆಮನೆ. ನಾನು ಜೋರಾಗಿ ತಲೆ ಆಡಿಸಿದೆ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಹೇಳಿತು.

"ತುಂಬಾ ಚೆನ್ನಾಗಿದೆ ಬಾಸ್. ಫ್ರೆಶ್ ಯೀಸ್ಟ್," ಎಂದರು ನನ್ನ ಗಂಡ.

"ಹಾಗಾದರೆ ಕುಡಿ," ಎಂದರು ಬಾಸ್.

ಅವರು ಕುಡಿದರು. ಒಂದು ಗುಟುಕಲ್ಲ, ಕಪ್ಪು ಖಾಲಿಯಾಗುವವರೆಗೆ, ನೀರು ಕುಡಿಯುವ ಹಾಗೆ ಗಟಗಟ. ಹುಬ್ಬು ಗಂಟಿಕ್ಕಲಿಲ್ಲ, ತುಟಿ ಸೊಟ್ಟಗಾಗಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದ ಬಾಸ್ ಮೆಲ್ಲಗೆ ಕಪ್ಪನ್ನು ತೆಗೆದುಕೊಂಡರು.

"ಅದು ವಿನೆಗರ್ ಲಾ. ಬಿಸಿಲಿಗೆ ಸಿಕ್ಕಿ ಕೆಟ್ಟುಹೋಗಿದೆ. ಗಿರಾಕಿಗಳೆಲ್ಲ ನನಗೆ ಬಯ್ಯುತ್ತಿದ್ದಾರೆ," ಎಂದರು. ಖಾಲಿ ಕಪ್ಪನ್ನು ಮುದುರಿ, "ಯಾವಾಗಿನಿಂದ?" ಎಂದು ಕೇಳಿದರು.

"ಜ್ವರ ಬಂದಾಗಿನಿಂದ," ಎಂದರು ನನ್ನ ಗಂಡ. ಇಂಗು ತಿಂದ ಮಂಗನ ಹಾಗೆ ನಾನು ಪಕ್ಕದಲ್ಲಿ ನಿಂತಿದ್ದೆ.

"ಮತ್ತೆ ಇಷ್ಟು ದಿನ ಬರೆದು ಕಳಿಸಿದ್ದು?"

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ನಾನೇ ಬಾಯಿಬಿಟ್ಟೆ. ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ನಿಮ್ಮ ಒಂದೊಂದು ಬಾಟಲಿಯೂ ಅಸಹ್ಯ, ಗೋಣಿ, ತುಕ್ಕು, ಹಳಸಿದ ಹುರುಳಿ, ಕುಡಿದು ಕುಡಿದು ಸಾಕಾಗಿದೆ, ಇಷ್ಟರಲ್ಲಿ ಗಂಟಲಲ್ಲಿ ಇಳಿದದ್ದು ಇದೊಂದೇ ಎಂದೆ. ಹೇಳುತ್ತ ಹೇಳುತ್ತ ಸಿಟ್ಟೂ ಬಂತು, ಅಳುವೂ ಬಂತು. ಮಗಳ ಶಾಲೆ, ಬಾಡಿಗೆ ಮನೆ, ಎಲ್ಲ ಮುಗಿಯಿತು ಎಂದೇ ಅನ್ನಿಸಿತ್ತು.

ಬಾಸ್ ಕೋಲಿನಿಂದ ನೆಲ ಕುಟ್ಟುತ್ತ ಯೋಚಿಸಿದರು.

"ಉಳಿದದ್ದರ ಬಗ್ಗೆ ಒಬ್ಬ ಗಿರಾಕಿಯದೂ ದೂರಿಲ್ಲ," ಎಂದರು. "ನಾಳೆ ಇನ್ನೊಂದು ಕ್ರೇಟ್ ಕಳಿಸುತ್ತೇನೆ. ಇವಳು ಮುಖ ಸಿಂಡರಿಸಿದ್ದನ್ನು ಮಾರೋಣ. ಇವಳಿಗೆ ಇಷ್ಟವಾದದ್ದನ್ನು ಚರಂಡಿಗೆ ಸುರಿದುಬಿಡು."

ನಗೆಯಾಡುತ್ತಿದ್ದಾರೆ ಅಂದುಕೊಂಡೆ. ನಗುತ್ತಿರಲಿಲ್ಲ. ಕೋಲೂರಿಕೊಂಡು ಕಾರು ಹತ್ತಿ ಹೊರಟೇಬಿಟ್ಟರು.

ಲಿಫ್ಟಿನಲ್ಲಿ ನಾವಿಬ್ಬರೇ. ಕೆಲಸ ಉಳಿಯಿತು ಎಂದು ನಾನು ದೇವರಿಗೆ ಕೈಮುಗಿಯುತ್ತಿದ್ದರೆ, ಅವರು ಗೋಡೆಗೆ ಒರಗಿ ನಿಂತಿದ್ದರು.

"ನಿಜ್ವಾಗ್ಲೂ ವಿನೆಗರ್ರಾ ಅದು?"

"ಹೌದು ಮಾರಾಯ್ರೆ. ಈಗ ಹೇಳಿದ ಮೇಲೆ ನನಗೂ ಗೊತ್ತಾಗ್ತಾ ಉಂಟು. ಮೂಗು ಉರಿತಾ ಉಂಟು."

"ನಂಗೆ ಏನೂ ಆಗ್ಲಿಲ್ಲ ಕಣೇ," ಎಂದರು. "ಕಪ್ ಪೂರ್ತಿ ಕುಡಿದ್ನಲ್ಲಾ, ಒಂಚೂರೂ ಏನೂ ಆಗ್ಲಿಲ್ಲ." ಮಾಸ್ಕಿನ ಮೇಲಂಚು ಒದ್ದೆಯಾಯಿತು. ಅಷ್ಟು ದಿನ ಮೂಗು ಬರುತ್ತದೆ, ಬರುತ್ತದೆ ಎನ್ನುತ್ತಿದ್ದವರು ಅಂದು ಆ ಮಾತು ಆಡಲಿಲ್ಲ. ನನಗೆ ತಡೆಯಲಾರದಷ್ಟು ದುಃಖವಾಯಿತು. ಬಾಟಲಿ ಬಾಟಲಿಗೂ ಛೀ ಎನ್ನಲು ನನಗೆ ಆಗುತ್ತಿತ್ತು, ಈ ಮನುಷ್ಯನಿಗೆ ಅಷ್ಟೂ ಆಗುತ್ತಿರಲಿಲ್ಲ.

ಮಾರನೆಯ ದಿನ ಹೇಳಿದ ಹಾಗೆಯೇ ಕ್ರೇಟ್ ಬಂತು. ಊಟ ಮುಗಿಸಿ, ಪಾತ್ರೆ ತೊಳೆದು, ಇಬ್ಬರೂ ಮೇಜಿಗೆ ಕೂತೆವು. ಅವರು ಮುಚ್ಚಳ ತೆಗೆದು ಲೋಟಕ್ಕೆ ಸುರಿದು ನನ್ನ ಮುಂದೆ ತಳ್ಳಿ, ಪೆನ್ನು ಹಿಡಿದು ನನ್ನ ಮುಖ ನೋಡುತ್ತ ಕೂತರು. ಅಷ್ಟು ಆಸೆಯಿಂದ ಅವರು ನನ್ನ ಮುಖವನ್ನು ಮದುವೆಯ ದಿನವೂ ನೋಡಿರಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿದೆ. ಯಾವನೋ ಒದ್ದೆ ಕಾಲುಚೀಲ ಹಿಂಡಿ ಬಾಟಲಿಗೆ ತುಂಬಿದ ಹಾಗಿತ್ತು. ಮುಖ ಸಿಂಡರಿಸಿ, ಕಷ್ಟಪಟ್ಟು ನುಂಗಿದೆ.

"ಚೆನ್ನಾಗಿದೆ," ಎಂದೆ.

ಅವರು ಬರೆದುಕೊಂಡರು.